ಗಂಗೂಬಾಯಿ ಹಾನಗಲ್

ಗಂಗೂಬಾಯಿ ಹಾನಗಲ್ (ಮಾರ್ಚ್ ೫, 1913 – ಜುಲೈ 21, 2009) ಕಿರಾನಾ ಘರಾನಾದ ಹೆಸರಾಂತ ಹಿಂದುಸ್ತಾನಿ ಗಾಯಕಿ. ಗಂಟಲಿನ ಚಿಕಿತ್ಸೆಯ ನಂತರ ಬದಲಾದ ತಮ್ಮ ಧ್ವನಿಯನ್ನೇ ಸಾಧನೆಯಿಂದ ಪಳಗಿಸಿ, ಖಯಾಲ್ ಗಾಯನದಲ್ಲಿ ಉನ್ನತ ಸ್ಥಾನವನ್ನು ಪಡೆದರು.

ಬಾಲ್ಯ ಮತ್ತು ಶಿಕ್ಷಣ

ಗಂಗೂಬಾಯಿ ಧಾರವಾಡದಲ್ಲಿ ಜನಿಸಿದರು. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಕರ್ನಾಟಕ ಸಂಗೀತದ ಗಾಯಕಿಯಾಗಿದ್ದ ಅಂಬಾಬಾಯಿ, ಮಗಳ ಹಿಂದುಸ್ತಾನಿ ಅಭ್ಯಾಸಕ್ಕೆ ಅಡ್ಡಿಯಾಗಬಾರದೆಂದು ತಮ್ಮ ಹಾಡುಗಾರಿಕೆಯನ್ನೇ ತ್ಯಜಿಸಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿ ಗಂಗೂಬಾಯಿ ಗಾಂಧೀಜಿಯವರ ಸಮ್ಮುಖದಲ್ಲಿ ಹಾಡಿದರು. ಕೃಷ್ಣಾಚಾರ್ಯ ಹುಲಗೂರ ಮತ್ತು ದತ್ತೋಪಂತ ದೇಸಾಯಿ ಅವರಲ್ಲಿ ಕಲಿತ ಬಳಿಕ ಸವಾಯಿ ಗಂಧರ್ವರ ಶಿಷ್ಯೆಯಾದರು. ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿ ಮತ್ತು ಫಿರೋಜ್ ದಸ್ತೂರ್ ಇದೇ ಗುರುವಿನ ಶಿಷ್ಯರು.

ಧ್ವನಿಯ ಬದಲಾವಣೆ

1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿಬರುವ ಅವರ ಧ್ವನಿ ತೆಳುವಾದ, ಎತ್ತರದ ಸ್ತ್ರೀಕಂಠ. ಟಾನ್ಸಿಲ್ ತೊಂದರೆಗೆ ಚಿಕಿತ್ಸೆ ಪಡೆದ ನಂತರ ಅದು ತಗ್ಗಿ, ಗಡುಸಾಗಿ, ಪುರುಷಕಂಠವನ್ನು ಹೋಲತೊಡಗಿತು.

ಟಾನ್ಸಿಲ್‌ಗಳು ಇರುವುದು ಬಾಯಿಯ ಹಿಂಭಾಗದ ಎರಡು ಪಕ್ಕಗಳಲ್ಲಿ. ಧ್ವನಿ ಹುಟ್ಟುವ ಧ್ವನಿಪೆಟ್ಟಿಗೆ ಅದಕ್ಕಿಂತ ಕೆಳಗೆ, ಶ್ವಾಸನಾಳದ ಮೇಲ್ತುದಿಯಲ್ಲಿದೆ. ಅದರೊಳಗಿನ ಎರಡು ಧ್ವನಿತಂತುಗಳ ಉದ್ದ, ದಪ್ಪ ಮತ್ತು ಬಿಗಿತಗಳು ಸ್ವರದ ಎತ್ತರವನ್ನು ನಿರ್ಧರಿಸುತ್ತವೆ. ತಂತುಗಳು ದಪ್ಪವಾದರೆ ಕಂಪನ ನಿಧಾನವಾಗಿ ಸ್ವರ ತಗ್ಗುತ್ತದೆ. ಅವು ಸರಿಯಾಗಿ ಕೂಡದಿದ್ದರೆ ಉಸಿರು ಸೋರಿ ಧ್ವನಿ ಒಡೆಯುತ್ತದೆ. ಗಂಟಲಿನ ಮೇಲ್ಭಾಗ ಮತ್ತು ಬಾಯಿ ಆ ನಾದಕ್ಕೆ ಅನುರಣನವನ್ನು ನೀಡುತ್ತವೆ. ಗಾಯಕರ ಜೀವನೋಪಾಯ ಈ ಸೂಕ್ಷ್ಮ ವ್ಯವಸ್ಥೆಯನ್ನೇ ಅವಲಂಬಿಸಿರುವುದರಿಂದ, ಇಂತಹ ಬದಲಾವಣೆ ಹಲವರ ಪಾಲಿಗೆ ವೃತ್ತಿಯ ಅಂತ್ಯವಾಗುತ್ತದೆ.

ಗಂಗೂಬಾಯಿ ಹಾಡುವುದನ್ನು ನಿಲ್ಲಿಸಲಿಲ್ಲ. ಕಳೆದುಹೋದ ಕಂಠವನ್ನು ಅನುಕರಿಸದೆ, ಹೊಸ ಕಂಠಕ್ಕೆ ತಕ್ಕ ಶ್ರುತಿಯಲ್ಲಿ ಹಾಡಿದರು. ಠುಮ್ರಿಯಂತಹ ಲಘು ಪ್ರಕಾರಗಳನ್ನು ಬಿಟ್ಟು ಖಯಾಲಿನಲ್ಲೇ ನೆಲೆನಿಂತರು. ಒಂದೊಂದೇ ಸ್ವರವನ್ನು ನಿಧಾನವಾಗಿ ಬೆಳೆಸುವ ಕಿರಾನಾ ಪದ್ಧತಿ ಅವರ ಗಂಭೀರ ನಾದಕ್ಕೆ ಹೊಂದಿಕೊಂಡಿತು. ಮಗಳು ಕೃಷ್ಣಾ ಹಾನಗಲ್ ಅನೇಕ ವರ್ಷ ಸಹಗಾಯಕಿಯಾಗಿ ಜೊತೆಗಿದ್ದರು.

ಗೌರವಗಳು

ಪದ್ಮಭೂಷಣ (1971), ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1973) ಹಾಗೂ ಪದ್ಮವಿಭೂಷಣ (2002) ಅವರಿಗೆ ಸಂದಿವೆ. ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾಲಯಕ್ಕೂ ಹುಬ್ಬಳ್ಳಿಯ ಉಣಕಲ್ಲಿನ ಗುರುಕುಲಕ್ಕೂ ಅವರ ಹೆಸರನ್ನು ಇಡಲಾಗಿದೆ. ಅವರ ಆತ್ಮಕಥೆ ‘ನನ್ನ ಬದುಕಿನ ಹಾಡು’.

ನಿಧನ

ತೊಂಬತ್ತರ ಹರೆಯದಲ್ಲೂ ಅವರು ವೇದಿಕೆಯಲ್ಲಿ ಹಾಡಿದರು. 2004ರಲ್ಲಿ ಮಗಳು ಕೃಷ್ಣಾ ತೀರಿಕೊಂಡರು. 2006ರಲ್ಲಿ ಗಂಗೂಬಾಯಿ ಕೊನೆಯ ಕಛೇರಿಯನ್ನು ನಡೆಸಿಕೊಟ್ಟರು. ಮೂರು ವರ್ಷಗಳ ನಂತರ ಹುಬ್ಬಳ್ಳಿಯಲ್ಲಿ ನಿಧನರಾದರು. ಅವರ ಕಣ್ಣುಗಳನ್ನು ದಾನ ಮಾಡಲಾಯಿತು.