ಯಂತ್ರಕಾಯಕದ ಮಹಾಸಂಕಲ್ಪ: ಸರ್ ಎಂ. ವಿಶ್ವೇಶ್ವರಯ್ಯನವರು

ನದಿಯ ಆಸರೆಯಿಲ್ಲದೆ ಕೆರೆಗಳನ್ನೇ ನಂಬಿ ಬಾಳಿದ ಕೋಲಾರ ಸೀಮೆಯು ನಾಡಿಗಿತ್ತ ಪುರುಷರತ್ನಗಳಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅವರ ಜನ್ಮಸ್ಥಳವಾದ ಮುದ್ದೇನಹಳ್ಳಿಯು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ 2007ರವರೆಗೆ ಕೋಲಾರ ಜಿಲ್ಲೆಯ ಗ್ರಾಮವೇ ಆಗಿತ್ತು. ಅವರು ಕಟ್ಟಿಸಿದ ಕನ್ನಂಬಾಡಿಯ ಕಟ್ಟೆಯನ್ನು ಅರಿಯದ ಕನ್ನಡಿಗನಿಲ್ಲ. ಆದರೆ ಅವರು ಕಟ್ಟಬಯಸಿ ಕಟ್ಟಲಾಗದೆ ಹೋದ ಮೋಟಾರು ಕಾರ್ಖಾನೆಯ ವೃತ್ತಾಂತವನ್ನು ಬಲ್ಲವರು ವಿರಳ.

ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿದ ಅವರು ಮನೆಪಾಠ ಹೇಳಿ ಜೀವನ ಸಾಗಿಸುತ್ತ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ, 1912ರಿಂದ 1918ರವರೆಗೆ ದಿವಾನರಾಗಿ ಅವರು ಸಲ್ಲಿಸಿದ ಸೇವೆ ಇತಿಹಾಸಪ್ರಸಿದ್ಧವಾದುದು. ನಷ್ಟದಲ್ಲಿದ್ದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆಯನ್ನು ಹೊತ್ತು ಅದನ್ನು ನೆಲೆಗೊಳಿಸಿದವರೂ ಅವರೇ.

ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪು ಮತ್ತು ಅಮೆರಿಕಗಳಿಗೆ ತೆರಳಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡರು. ಆ ಕಾಲದಲ್ಲಿ ಜರ್ಮನಿಯ ಮರ್ಸಿಡಿಸ್-ಬೆಂಜ್ ಮತ್ತು ಆಟೋ ಯೂನಿಯನ್ ಸಂಸ್ಥೆಗಳು ಗ್ರಾಂಪ್ರಿ ಓಟದ ಪಂದ್ಯಗಳಲ್ಲಿ ತಮ್ಮ ಎಂಜಿನ್ನುಗಳ ಬಲವನ್ನು ಪಣಕ್ಕೊಡ್ಡಿ ಸೆಣಸುತ್ತಿದ್ದವು. ಭಾರತದಲ್ಲಾದರೋ, 1928ರಲ್ಲಿ ಮುಂಬಯಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ತೆರೆದ ಕಾರ್ಖಾನೆಯಲ್ಲಿ ನಡೆಯುತ್ತಿದ್ದುದು ಹಡಗಿನಲ್ಲಿ ಬಂದಿಳಿದ ಭಾಗಗಳ ಜೋಡಣೆ ಮಾತ್ರ. ಜೋಡಿಸುವುದು ಬೇರೆ, ನಿರ್ಮಿಸುವುದು ಬೇರೆ ಎಂಬ ವಿವೇಕವೇ ವಿಶ್ವೇಶ್ವರಯ್ಯನವರ ಯೋಜನೆಯ ಜೀವಾಳ. ವಾಹನದ ಹೃದಯವಾದ ಎಂಜಿನ್ ನಮ್ಮವರ ಕೈಯಲ್ಲಿ ರೂಪುಗೊಳ್ಳದ ಹೊರತು ದೇಶವು ಚಿರಕಾಲ ಕೊಳ್ಳುವವರ ಸಾಲಿನಲ್ಲಿಯೇ ನಿಲ್ಲಬೇಕಾಗುತ್ತದೆಂಬುದನ್ನು ಅವರು ಮನಗಂಡಿದ್ದರು. ಅಗೆದ ಚಿನ್ನವೆಲ್ಲ ಕಡಲಾಚೆಗೆ ಸಾಗಿದುದನ್ನು ಕಂಡ ಕೋಲಾರದವರಿಗೆ ಈ ಮಾತಿನ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉದ್ಯಮಿ ವಾಲ್‌ಚಂದ್ ಹೀರಾಚಂದರು ಈ ಕಾರ್ಯದಲ್ಲಿ ಕೈಜೋಡಿಸಿ ಅಮೆರಿಕದ ಕ್ರೈಸ್ಲರ್ ಸಂಸ್ಥೆಯೊಡನೆ ಒಪ್ಪಂದವನ್ನು ಕುದುರಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಲು ಮೈಸೂರು ಸರ್ಕಾರವು ಬೆಂಬಲವೀಯಲು ಮುಂದಾಯಿತು. ಆದರೆ ಮಹಾಯುದ್ಧದ ಆ ದಿನಗಳಲ್ಲಿ ಮೋಟಾರು ನಿರ್ಮಾಣವು ಯುದ್ಧಕ್ಕೆ ಅವಶ್ಯಕವಲ್ಲವೆಂಬ ನಿಲುವು ತಳೆದ ಬ್ರಿಟಿಷ್ ಭಾರತ ಸರ್ಕಾರವು ಅನುಮತಿ ನೀಡಲಿಲ್ಲ. ವರ್ಷಗಳ ಪರಿಶ್ರಮ ಬೆಂಗಳೂರಿನ ಮಟ್ಟಿಗೆ ನಿಷ್ಫಲವಾಯಿತು. 1944ರಲ್ಲಿ ವಾಲ್‌ಚಂದರ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ಮುಂಬಯಿಯಲ್ಲಿ ತಲೆಯೆತ್ತಿತು. ಬಿಡಿಭಾಗಗಳ ಜೋಡಣೆಯಿಂದಲೇ ಅದು ತನ್ನ ಕೆಲಸವನ್ನು ಆರಂಭಿಸಬೇಕಾಯಿತು.

ಆಶಾಭಂಗದಿಂದ ವಿಶ್ವೇಶ್ವರಯ್ಯನವರು ಕೈಚೆಲ್ಲಿ ಕುಳಿತವರಲ್ಲ. ಯಂತ್ರವನ್ನು ನಿರ್ಮಿಸುವ ಮುನ್ನ ಯಂತ್ರವನ್ನು ಬಲ್ಲ ಕೈಗಳನ್ನು ನಿರ್ಮಿಸಬೇಕೆಂದು ಬಗೆದು, ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ವಿನಿಯೋಗಿಸಿದರು. ಕಾಯಕದಿಂದ ಬಂದುದನ್ನು ವಿದ್ಯಾದಾಸೋಹಕ್ಕೆ ಅರ್ಪಿಸಿದ ಈ ನಡೆ ಶರಣಮಾರ್ಗಕ್ಕೆ ಹತ್ತಿರವಾದುದು.

ಮೋಟಾರಿಗೆ ದೊರೆಯದ ಅನುಮತಿಯು ವಿಮಾನಕ್ಕೆ ದೊರೆಯಿತು. 1940ರಲ್ಲಿ ವಾಲ್‌ಚಂದರು ಮತ್ತು ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. 1957ರಲ್ಲಿ, ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ, ಆರ್ಫಿಯಸ್ ಜೆಟ್ ಎಂಜಿನ್ನುಗಳನ್ನು ತಯಾರಿಸುವ ವಿಭಾಗವೂ ಅದರಲ್ಲಿ ಏರ್ಪಟ್ಟಿತು. 1955ರಲ್ಲಿ ಭಾರತರತ್ನದಿಂದ ಭೂಷಿತರಾದ ಆ ಶತಾಯುಷಿಗಳು 1962ರ ಏಪ್ರಿಲಿನಲ್ಲಿ ಕೀರ್ತಿಶೇಷರಾದರು. ಅವರು ಹುಟ್ಟಿದ ಸೀಮೆಯ ನರಸಾಪುರದಲ್ಲಿ 2013ರಲ್ಲಿ ದ್ವಿಚಕ್ರ ವಾಹನಗಳ ಬೃಹತ್ ಕಾರ್ಖಾನೆಯೇ ಆರಂಭವಾಯಿತು. ಆದರೆ ಅದು ಜಪಾನಿನ ಹೋಂಡಾ ಸಂಸ್ಥೆಗೆ ಸೇರಿದುದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತರುಣರು ಇಂತಹ ಕಾರ್ಖಾನೆಗಳಲ್ಲಿ ದುಡಿಯುವುದು ಸಂತೋಷದ ಸಂಗತಿಯೇ. ಆದರೆ ಜೋಡಿಸುವ ಕೈ ಒಂದು ದಿನ ನಿರ್ಮಿಸುವ ಕೈಯಾಗಬೇಕು. ಅದು ಸಿದ್ಧಿಸಬೇಕಾದುದು ಪಾಠಶಾಲೆಯಲ್ಲಿ. ವಿಶ್ವೇಶ್ವರಯ್ಯನವರ ಅಪೂರ್ಣ ಸಂಕಲ್ಪವು ನಮ್ಮ ಗುರುವೃಂದದ ಮುಂದೆ, ದಾನಿಗಳ ಮುಂದೆ ಇಂದಿಗೂ ಕೈಚಾಚಿ ನಿಂತಿದೆ.