ಸ್ಥಾನಕದ ಅಪರಾಜಿತ: ಒಡೆಯನಿಲ್ಲದ ಮಾಂಡಲಿಕ

ಉತ್ತರ ಕೊಂಕಣದ ಶಿಲಾಹಾರ ಅರಸ ಅಪರಾಜಿತನು ಕನ್ನಡ ಅಭ್ಯಾಸಿಗಳಿಗೆ ಪರಿಚಿತನಾಗಿರುವುದು ರನ್ನನ ‘ಗದಾಯುದ್ಧ’ದಿಂದ. ಅಲ್ಲಿ ಅವನು ಒಂದೆಡೆ ಕಡಲು, ಇನ್ನೊಂದೆಡೆ ಚಾಲುಕ್ಯ ಸತ್ಯಾಶ್ರಯನ ಸೇನೆ, ಇವೆರಡರ ನಡುವೆ ಸಿಕ್ಕಿಬಿದ್ದ ಅಸಹಾಯಕ. ಅವನದೇ ತಾಮ್ರಶಾಸನಗಳಲ್ಲಿ ಕಾಣುವ ಅಪರಾಜಿತನು ಬೇರೆ.

ಶಿಲಾಹಾರರು ಕೊಂಕಣವನ್ನು ಆಳಿದ್ದು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರಾಗಿ. ತಗರಪುರವನ್ನು, ಎಂದರೆ ಇಂದಿನ ತೇರ್ ಪಟ್ಟಣವನ್ನು, ತಮ್ಮ ಮೂಲಸ್ಥಾನವೆಂದು ಹೇಳಿಕೊಂಡ ಈ ಮನೆತನದ ಬಿರುದುಗಳಲ್ಲಿ ‘ಗಂಡ’ ಎಂಬ ಕನ್ನಡ ಪದವೂ ಸೇರಿದೆ. ಒಂಬತ್ತನೆಯ ಶತಮಾನದ ಕಾನ್ಹೇರಿ ಗುಹಾಶಾಸನಗಳು ನೃಪತುಂಗ ಅಮೋಘವರ್ಷನನ್ನು ಇವರ ಒಡೆಯನೆಂದು ಹೆಸರಿಸುತ್ತವೆ.

ಕ್ರಿ.ಶ. 973ರಲ್ಲಿ ಇಮ್ಮಡಿ ತೈಲಪನು ರಾಷ್ಟ್ರಕೂಟ ಕಕ್ಕಲನನ್ನು ಸೋಲಿಸಿ ಚಾಲುಕ್ಯ ಪ್ರಭುತ್ವವನ್ನು ಪುನಃ ಸ್ಥಾಪಿಸಿದನು. ಈ ಪಲ್ಲಟದ ಬಳಿಕ ವಜ್ಜಡನ ಮಗ ಅಪರಾಜಿತನು ಸ್ಥಾನಕದಿಂದ, ಇಂದಿನ ಠಾಣೆಯಿಂದ, ಆಳಿದನು. ಭಿವಂಡಿ ಸಮೀಪದ ಭಾದಾನ ಗ್ರಾಮವನ್ನು ಲೋಣಾದಿತ್ಯ ದೇವರ ಪೂಜೆಗೆ ಬಿಟ್ಟುಕೊಟ್ಟ ಅವನ 997ರ ಶಾಸನವು ರಾಷ್ಟ್ರಕೂಟ ವಂಶಾವಳಿಯನ್ನು ಕಕ್ಕಲನವರೆಗೆ ವಿವರವಾಗಿ ನಿರೂಪಿಸಿ, ಆ ರಾಜ್ಯದ ಅಳಿವಿಗೆ ಮರುಗುತ್ತದೆ. ಚಾಲುಕ್ಯರ ಅಧೀನತೆಯನ್ನು ಅದು ಒಪ್ಪಿಕೊಳ್ಳುವುದಿಲ್ಲ. ಆದರೂ ಅಪರಾಜಿತನು ಸ್ವತಂತ್ರ ಚಕ್ರವರ್ತಿಯ ಪದವಿಯನ್ನು ಧರಿಸದೆ ಮಹಾಮಂಡಲೇಶ್ವರನಾಗಿಯೇ ಉಳಿದನು. ಒಡೆಯನು ಗತಿಸಿ ಇಪ್ಪತ್ತನಾಲ್ಕು ವರ್ಷಗಳಾಗಿದ್ದರೂ ಮಾಂಡಲಿಕತನ ಉಳಿದಿತ್ತು.

ಇದನ್ನು ಕೇವಲ ಕೃತಜ್ಞತೆಯೆಂದು ತಿಳಿಯಲಾಗದು. ಗತಿಸಿದ ಚಕ್ರವರ್ತಿ ಕಪ್ಪ ಕೇಳುವುದಿಲ್ಲ, ದಂಡೆತ್ತಿ ಬರುವುದೂ ಇಲ್ಲ. ಹಳೆಯ ಸಾಮ್ರಾಜ್ಯದ ಸ್ಮರಣೆಯು ಹೊಸ ಸಾಮ್ರಾಜ್ಯವನ್ನು ನಿರಾಕರಿಸುವ ಸಭ್ಯ ಮಾರ್ಗವೂ ಆಗಿತ್ತು. ಕ್ರಿ.ಶ. 476ರಲ್ಲಿ ಪಶ್ಚಿಮ ರೋಮಿನ ಕೊನೆಯ ಚಕ್ರವರ್ತಿ ಇಟಲಿಯಲ್ಲಿ ಪದಚ್ಯುತನಾದ ಮೇಲೂ ಗಾಲ್ ಪ್ರಾಂತದ ಸ್ವಾಸೋನಿನಲ್ಲಿ ಸ್ಯಾಗ್ರಿಯಸನು 486ರವರೆಗೆ ರೋಮನ್ ಆಳ್ವಿಕೆಯ ಶೇಷವನ್ನು ಉಳಿಸಿಕೊಂಡಿದ್ದನು. ಫ್ರಾಂಕರ ಕ್ಲೋವಿಸನು ಅವನನ್ನು ಸೋಲಿಸಿದನು. ಕೇಂದ್ರ ಕುಸಿದ ಮೇಲೂ ಪ್ರಾಂತದಲ್ಲಿ ಅದರ ಹೆಸರು ಬಾಳುವುದು ಅಪರೂಪವಲ್ಲ.

ಬೇರೆ ದಾರಿಯೂ ಇತ್ತು. ದಕ್ಷಿಣ ಕೊಂಕಣದ ಶಿಲಾಹಾರ ರಟ್ಟರಾಜನು 1008ರ ಖಾರೇಪಾಟಣ ಶಾಸನದಲ್ಲಿ ರಾಷ್ಟ್ರಕೂಟರನ್ನು ನೆನೆದರೂ ಸತ್ಯಾಶ್ರಯನನ್ನು ಒಡೆಯನೆಂದು ಒಪ್ಪಿಕೊಂಡನು. ಅಪರಾಜಿತನು ಒಪ್ಪದೆ ಅದರ ಬೆಲೆಯನ್ನು ತೆತ್ತನು. ಸತ್ಯಾಶ್ರಯನು ಕೊಂಕಣಕ್ಕೆ ದಂಡೆತ್ತಿ ಬಂದು ಅಂಶುನಗರವನ್ನು ಸುಟ್ಟು, 21 ಆನೆಗಳನ್ನು ಕಪ್ಪವಾಗಿ ಪಡೆದನೆಂದು ತಿಳಿದುಬರುತ್ತದೆ.

ರನ್ನನೂ ಮೊದಲು ಗಂಗರ ಚಾವುಂಡರಾಯನ ಆಶ್ರಯದಲ್ಲಿದ್ದವನು. ಆ ಗಂಗರೂ ರಾಷ್ಟ್ರಕೂಟರ ಮಾಂಡಲಿಕರೇ. ಒಂದೇ ಪತನದ ಬಳಿಕ ಕವಿಯು ಹೊಸ ಆಸ್ಥಾನವನ್ನು ಸೇರಿದನು; ಅರಸನು ಹಳೆಯ ಒಡೆಯನನ್ನು ತಾಮ್ರಪಟದಲ್ಲಿ ಉಳಿಸಿದನು. ಗೆದ್ದವರ ಕಾವ್ಯದಲ್ಲಿ ನಡುಗುವ ಅಪರಾಜಿತನನ್ನು ಓದುವಾಗ ಭಾದಾನದ ಶಾಸನವೂ ಪಕ್ಕದಲ್ಲಿರಬೇಕು. ಸಾಮ್ರಾಜ್ಯವನ್ನು ಪ್ರಾಂತವು ಹೇಗೆ ಕಂಡಿತೆಂಬುದಕ್ಕೆ ಆಸ್ಥಾನದ ಸಾಕ್ಷ್ಯವೊಂದೇ ಸಾಲದು.