ಆಚಾರ್ಯ ಆಘಾರಕರರೂ ದಖ್ಖಣದ ಗೋಧಿಯೂ

ನಮ್ಮ ಪುಣೆ ಪಟ್ಟಣದಲ್ಲಿ ಗೋಪಾಳ ಗಣೇಶ ಆಗರಕರ ರಸ್ತೆ ಎಂಬುದೊಂದುಂಟು. ಆ ರಸ್ತೆಯ ಮೇಲೆಯೇ ಆಘಾರಕರ ಸಂಶೋಧನ ಸಂಸ್ಥೆಯೂ ಇದೆ. ಎರಡೂ ಫಲಕಗಳನ್ನು ಓದಿ, ಇವೆರಡೂ ಒಬ್ಬರ ಹೆಸರೇ ಎಂದು ನಮ್ಮಲ್ಲಿ ಹಲವರು ತಿಳಿದಿರುವುದುಂಟು. ಕನ್ನಡ ವರ್ಣಮಾಲೆಯನ್ನು ಕಲಿತ ನಮಗೆ ಈ ತಪ್ಪು ಸಲ್ಲದು. ಒಬ್ಬರದು ಅಲ್ಪಪ್ರಾಣದ ಗಕಾರ, ಇನ್ನೊಬ್ಬರದು ಮಹಾಪ್ರಾಣದ ಘಕಾರ. ಮೊದಲನೆಯವರು ‘ಕೇಸರಿ’ ಪತ್ರಿಕೆಯ ಮೊದಲ ಸಂಪಾದಕರಾಗಿ, ಫರ್ಗ್ಯುಸನ್ ಕಾಲೇಜಿನ ಪ್ರಾಂಶುಪಾಲರಾಗಿ, ಸಮಾಜ ಸುಧಾರಕರಾಗಿ 1895ರಲ್ಲಿಯೇ ಕೀರ್ತಿಶೇಷರಾದವರು. ಎರಡನೆಯವರು ಸಸ್ಯಶಾಸ್ತ್ರಜ್ಞರಾದ ಶಂಕರ ಪುರುಷೋತ್ತಮ ಆಘಾರಕರರು. ನಾವು ದಿನವೂ ಬುತ್ತಿಯಲ್ಲಿ ಕಟ್ಟಿಕೊಂಡು ಬರುವ ಚಪಾತಿಗೂ ಈ ಎರಡನೆಯವರಿಗೂ ಒಂದು ಸಂಬಂಧವುಂಟು. ಅದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಆಘಾರಕರರು 1884ನೆಯ ಇಸವಿ ನವೆಂಬರ 18ರಂದು ಕೊಂಕಣ ತೀರದ ಮಾಲವಣದಲ್ಲಿ ಜನಿಸಿದರು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಉಚ್ಚ ಶಿಕ್ಷಣ ಪಡೆದರು. ಪುಸ್ತಕದ ವಿದ್ಯೆಯೊಂದರಿಂದಲೇ ತೃಪ್ತರಾಗುವ ಸ್ವಭಾವ ಅವರದಾಗಿರಲಿಲ್ಲ. ಸಹ್ಯಾದ್ರಿಯ ಕಣಿವೆಗಳಲ್ಲಿ ತಿರುಗಿ ಗಿಡಮರಗಳನ್ನೂ ಜೀವಜಂತುಗಳನ್ನೂ ಕಣ್ಣಾರೆ ನೋಡಿ ಸಂಗ್ರಹಿಸುತ್ತಿದ್ದರು. ಹೀಗೆ ತಿರುಗುವಾಗ ಅಲ್ಲಿಯ ಹೊಳೆಯ ನೀರಿನಲ್ಲಿ ಕೊಡೆಯಾಕಾರದ ಒಂದು ಮೃದುವಾದ ಪ್ರಾಣಿ ಅವರಿಗೆ ಗೋಚರಿಸಿತು. ಅದು ಸಿಹಿನೀರಿನ ಲೋಳೆಮೀನು. ಅಂಥ ಜಾತಿಯು ಆಫ್ರಿಕಾ ಖಂಡದಲ್ಲಿ ಮಾತ್ರ ಇದೆಯೆಂದು ಅಲ್ಲಿಯವರೆಗೆ ವಿದ್ವಾಂಸರು ನಂಬಿದ್ದರು. ಈ ಶೋಧದ ವೃತ್ತಾಂತವು 1912ರಲ್ಲಿ ‘ನೇಚರ್’ ಎಂಬ ಪ್ರಸಿದ್ಧ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ.

ಮುಂದೆ ಕಲಕತ್ತೆಯ ವಿಶ್ವವಿದ್ಯಾಲಯವು ಅವರನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಪೀಠಕ್ಕೆ ಆರಿಸಿತು. ಹೆಚ್ಚಿನ ಅಧ್ಯಯನಕ್ಕಾಗಿ ಅವರು 1914ರಲ್ಲಿ ಜರ್ಮನಿಗೆ ಹೋಗಿ, ಬರ್ಲಿನ್ನಿನಲ್ಲಿ ಅಡಾಲ್ಫ್ ಎಂಗ್ಲರ್ ಎಂಬ ಮಹಾಪಂಡಿತರ ಶಿಷ್ಯರಾದರು. ಅದೇ ವರ್ಷ ಮಹಾಯುದ್ಧವು ಹೊತ್ತಿಕೊಂಡಿತು. ನಮ್ಮ ದೇಶವು ಆಗ ಇಂಗ್ಲಿಷರ ಅಧೀನದಲ್ಲಿದ್ದುದರಿಂದ ಆಘಾರಕರರನ್ನು ಶತ್ರುರಾಷ್ಟ್ರದ ಪ್ರಜೆಯೆಂದು ಎಣಿಸಿ ಬಂಧನದಲ್ಲಿಟ್ಟರು. ಪರದೇಶ, ಪರಭಾಷೆ, ಸೆರೆವಾಸ. ಇಷ್ಟಾದರೂ ಅವರು ಎದೆಗುಂದಲಿಲ್ಲ. ವಾಯವ್ಯ ಭಾರತದ ಒಣನೆಲದಲ್ಲಿಯೂ ಚೌಳು ನೆಲದಲ್ಲಿಯೂ ಬೆಳೆಯುವ ಸಸ್ಯಗಳು ಎಲ್ಲಿಂದ ಬಂದವು, ಅವುಗಳ ಬೀಜಗಳು ಹೇಗೆ ಹರಡುತ್ತವೆ ಎಂಬ ವಿಷಯವಾಗಿ ಪ್ರಬಂಧವನ್ನು ರಚಿಸಿ ಡಾಕ್ಟರ್ ಪದವಿಯೊಡನೆಯೇ ಸ್ವದೇಶಕ್ಕೆ ಮರಳಿದರು. ಬಳಿಕ 1946ರವರೆಗೂ ಕಲಕತ್ತೆಯಲ್ಲಿ ಅಧ್ಯಾಪನ ಮಾಡಿದರು.

ಅರುವತ್ತು ದಾಟಿದ ಮೇಲೆ ವಿಶ್ರಾಂತಿಯನ್ನು ಬಯಸುವುದು ಲೋಕದ ರೂಢಿ. ಆಘಾರಕರರು ಮಾತ್ರ ನಿವೃತ್ತರಾದೊಡನೆ ಪುಣೆಗೆ ಬಂದು ಹೊಸದೊಂದು ಕೆಲಸಕ್ಕೆ ಕೈಯಿಕ್ಕಿದರು. ಕಲಕತ್ತೆಯಲ್ಲಿ ಮಹೇಂದ್ರಲಾಲ ಸರಕಾರರು 1876ರಲ್ಲಿ ಸ್ಥಾಪಿಸಿದ ಒಂದು ವಿಜ್ಞಾನ ಸಂಘವಿತ್ತು. ಚಂದ್ರಶೇಖರ ವೆಂಕಟರಾಮನ್ನರು 1928ರಲ್ಲಿ ತಮ್ಮ ಜಗದ್ವಿಖ್ಯಾತ ಶೋಧವನ್ನು ಮಾಡಿದುದು ಅಲ್ಲಿಯೇ. ಅಂಥದೇ ಸಂಘವೊಂದು 1946ರಲ್ಲಿ ಪುಣೆಯಲ್ಲಿ ‘ಮಹಾರಾಷ್ಟ್ರ ವಿಜ್ಞಾನವರ್ಧಿನೀ’ ಎಂಬ ಹೆಸರಿನಿಂದ ಹುಟ್ಟಿತು. ಆಘಾರಕರರು ಅದರ ಸ್ಥಾಪಕ ನಿರ್ದೇಶಕರಾದರು. ಈ ಸಂಘದ ಇಂಗ್ಲಿಷ್ ಹೆಸರಿನಲ್ಲಿ ವಿಜ್ಞಾನದ ಬೇಸಾಯ ಎಂಬ ಅರ್ಥ ಬರುವ ಮಾತಿದೆ. ಆ ಮಾತು ಮುಂದೆ ಅಕ್ಷರಶಃ ನಿಜವಾಯಿತು. 1960ರಲ್ಲಿ ಅವರು ಕಾಲವಶರಾಗುವ ವೇಳೆಗೆ ಸಂಘವು ಬೇರೂರಿ ನಿಂತಿತ್ತು.

ಇನ್ನು ಗೋಧಿಯ ಮಾತು. ಗೋಧಿಯು ಚಳಿಯನ್ನು ಬಯಸುವ ಪೈರು. ಪಂಜಾಬದಲ್ಲಿ ಚಳಿಗಾಲ ದೀರ್ಘವಾಗಿರುವುದರಿಂದ ಅಲ್ಲಿ ಅದು ಸಾವಕಾಶವಾಗಿ ಬೆಳೆದು ಕಾಳು ತುಂಬಿಕೊಳ್ಳುತ್ತದೆ. ನಮ್ಮ ದಖ್ಖಣದಲ್ಲಿಯಾದರೋ ಚಳಿ ಅಲ್ಪಕಾಲದ ಅತಿಥಿ. ಮುಂಗಾರು ಮುಗಿದು, ಯರೆಭೂಮಿಯಲ್ಲಿ ತೇವವಿರುವಾಗ, ಸುಮಾರಾಗಿ ನವೆಂಬರ ತಿಂಗಳ ಮೊದಲಲ್ಲಿ ಕೂರಿಗೆಯಿಂದ ಬಿತ್ತಬೇಕು. ನೀರಾವರಿಯಿದ್ದಲ್ಲಿ ಬಿತ್ತಿದ ಸುಮಾರು 21 ದಿನಗಳಿಗೆ ಮೊದಲ ನೀರನ್ನು ತಪ್ಪದೆ ಕೊಡಬೇಕು. ಸಸಿಯು ಬುಡದಲ್ಲಿ ಹೊಸ ಬೇರುಗಳನ್ನು ಬಿಡುವ ಸಮಯವದು. ಆಗ ನೀರು ತಪ್ಪಿದರೆ ತೆಂಡೆಗಳು ಕಡಿಮೆಯಾಗಿ ತೆನೆಗಳೂ ಕಡಿಮೆಯಾಗುತ್ತವೆ. ಬಿತ್ತನೆಯು ತಡವಾದರೆ, ಕಾಳು ತುಂಬುವ ಹೊತ್ತಿಗೆ ಫೆಬ್ರವರಿ ಮಾರ್ಚಿಯ ಬಿಸಿಲು ಬಂದು ಕಾಳು ಸುಕ್ಕಿಹೋಗುತ್ತದೆ. ಇದಲ್ಲದೆ ಎಲೆಗೂ ಕಾಂಡಕ್ಕೂ ಹತ್ತುವ ತುಕ್ಕುರೋಗವೊಂದು ಶತ್ರು. ಹಳೆಯ ಎತ್ತರದ ತಳಿಗಳು ಗೊಬ್ಬರ ನೀರು ಹೆಚ್ಚಾದರೆ ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿದ್ದವು. ಆದುದರಿಂದ ಉತ್ತರದ ಬೀಜವನ್ನು ತಂದು ಇಲ್ಲಿ ಎರಚಿದ ಮಾತ್ರಕ್ಕೆ ಬೆಳೆ ಬಾರದು. ಬೇಗ ಬಲಿಯುವ, ಬಿಸಿಲನ್ನು ತಾಳುವ, ತುಕ್ಕಿಗೆ ಮಣಿಯದ ತಳಿಯು ಈ ನೆಲಕ್ಕೆಂದೇ ಸಿದ್ಧವಾಗಬೇಕು.

ಆಘಾರಕರರ ತರುವಾಯ ಅವರ ಸಂಸ್ಥೆಯ ವಿಜ್ಞಾನಿಗಳು ಈ ಕಾರ್ಯವನ್ನು ಕೈಕೊಂಡರು. ಅದರ ರೀತಿಯನ್ನು ತಿಳಿದರೆ ನಮಗೆ ಆಶ್ಚರ್ಯವಾಗದಿರದು. ಗೋಧಿಯ ಒಂದೊಂದು ಪುಟ್ಟ ಹೂವಿನಲ್ಲಿಯೂ ಗಂಡುಭಾಗ ಹೆಣ್ಣುಭಾಗ ಎರಡೂ ಇರುವುದರಿಂದ ಅದು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಎರಡು ತಳಿಗಳನ್ನು ಕೂಡಿಸಬೇಕಾದರೆ, ಒಂದರ ಹೂ ಅರಳುವ ಮೊದಲೇ ಅದರ ಕೇಸರಗಳನ್ನು ಚಿಮುಟದಿಂದ ಒಂದೊಂದಾಗಿ ಕಿತ್ತು, ತೆನೆಗೆ ಕಾಗದದ ಚೀಲವನ್ನು ತೊಡಿಸಿ, ಬಳಿಕ ಇನ್ನೊಂದರ ಪರಾಗವನ್ನು ತಂದು ಉದುರಿಸಬೇಕು. ಹೀಗೆ ದೊರೆತ ಕೆಲವೇ ಕಾಳುಗಳನ್ನು ಬಿತ್ತಿ, ಒಳ್ಳೆಯ ಸಸಿಗಳನ್ನು ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಪರೀಕ್ಷಿಸಬೇಕು. ಬಾರಾಮತಿ ತಾಲೂಕಿನ ಹೋಳದಲ್ಲಿ ಇದಕ್ಕಾಗಿ ಸಂಸ್ಥೆಯ ಹೊಲವಿದೆ. ಒಂದು ತಳಿ ರೈತನ ಕೈಸೇರಲು ಎಂಟು ಹತ್ತು ವರ್ಷಗಳಾದರೂ ಬೇಕು.

ಈ ತಾಳ್ಮೆಗೆ ಫಲ ದೊರೆಯಿತು. ಎಂ.ಎ.ಸಿ.ಎಸ್. 6478 ಎಂಬ ತಳಿಯು 110 ದಿನಗಳಲ್ಲಿ ಬಲಿಯುತ್ತದೆ. ಸಾತಾರಾ ಜಿಲ್ಲೆಯ ಕರಂಜಖೋಪ ಗ್ರಾಮದ ರೈತರು ಹಿಂದೆ ಹೆಕ್ಟೇರಿಗೆ 25ರಿಂದ 30 ಕ್ವಿಂಟಲ್ ಪಡೆಯುತ್ತಿದ್ದರೆ, ಈ ಬೀಜದಿಂದ 45ರಿಂದ 60 ಕ್ವಿಂಟಲ್ ಪಡೆದರು. ಎಂ.ಎ.ಸಿ.ಎಸ್. 4028 ಎಂಬುದು ನೀರಾವರಿಯಿಲ್ಲದ, ಮಳೆಯನ್ನೇ ನಂಬಿದ ಹೊಲಗಳಿಗಾಗಿ ಸಿದ್ಧವಾದ ತಳಿ. 102 ದಿನಗಳಲ್ಲಿ ಬಲಿಯುವ ಇದರ ಕಾಳಿನಲ್ಲಿ ನೂರಕ್ಕೆ 14.7 ಭಾಗ ಪ್ರೋಟೀನು ಇದೆ. ಕಬ್ಬಿಣ, ಸತುವುಗಳ ಅಂಶವೂ ಅಧಿಕ. ಈ ತಳಿಯನ್ನು ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಕೂಡಿಯೇ ಗೊತ್ತುಪಡಿಸಲಾಗಿದೆ. ನಮ್ಮ ಹಿರಿಯರು ಹುಗ್ಗಿಗೆ ಮೆಚ್ಚುವ ಸದಕ ಅಥವಾ ಜವೆಗೋಧಿಯನ್ನೂ ಸಂಸ್ಥೆಯು ಮರೆತಿಲ್ಲ. ಎಂ.ಎ.ಸಿ.ಎಸ್. 2971 ಎಂಬುದು ಆ ಜಾತಿಯ ಗಿಡ್ಡ ತಳಿ. ಪುಣೆಯ ಬೀಜಕ್ಕೂ ನಮ್ಮ ತಾಯ್ನಾಡಿನ ಯರೆಹೊಲಕ್ಕೂ ಹೀಗೆ ನಂಟು ಬೆಳೆದಿದೆ.

ಇವುಗಳಲ್ಲಿ ಒಂದು ತಳಿಯನ್ನೂ ಆಘಾರಕರರು ಕಣ್ಣಾರೆ ಕಾಣಲಿಲ್ಲ. ಬೀಜದ ಚೀಲದ ಮೇಲೆ ಅವರ ಹೆಸರೂ ಇಲ್ಲ; ಎಂ.ಎ.ಸಿ.ಎಸ್. ಎಂಬುದು ಅವರು ಕಟ್ಟಿದ ಸಂಘದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಸಂಶೋಧನ ಸಂಸ್ಥೆಗೆ ಅವರ ಹೆಸರನ್ನಿಟ್ಟುದು 1992ರಲ್ಲಿ, ಅವರು ಗತಿಸಿ 32 ವರ್ಷಗಳಾದ ಮೇಲೆ. ಗೋಧಿಯನ್ನು ಬಿತ್ತಿದ ರೈತನು ನಾಲ್ಕು ತಿಂಗಳೊಳಗೆ ರಾಶಿಯನ್ನು ಕಾಣುತ್ತಾನೆ. ವಿದ್ಯಾಸಂಸ್ಥೆಯನ್ನು ಬಿತ್ತಿದವನು ಅನೇಕ ವೇಳೆ ತೆನೆಯನ್ನೂ ಕಾಣುವುದಿಲ್ಲ. ಅದನ್ನು ತಿಳಿದೂ, ಅರುವತ್ತು ದಾಟಿದ ವಯಸ್ಸಿನಲ್ಲಿ ಬಿತ್ತಲು ಹೊರಟವರು ಈ ಮಹನೀಯರು. ಮುಂದೆ ಆ ರಸ್ತೆಯಲ್ಲಿ ಹೋಗುವಾಗ ನಾವು ಎರಡು ಫಲಕಗಳನ್ನೂ ನಿಂತು ಓದೋಣ. ಗಕಾರ ಘಕಾರಗಳ ಭೇದವನ್ನರಿತು ಇಬ್ಬರನ್ನೂ ಬೇರೆಬೇರೆಯಾಗಿ ನೆನೆಯೋಣ.